ಕಲಿತದ್ದೊಂದು, ಕರೆ ಬಂದದ್ದೊಂದು

ಕಾರ್ಮಿಕ ಸಂತ ಜೋಸೆಫರ ಹಬ್ಬದ ಸಂದರ್ಭದಲ್ಲಿ ಕುಟುಂಬಗಳಿಗಾಗಿ ಒಂದು ಚಿಂತನೆ



ಮೇ ತಿಂಗಳ ಮೊದಲ ದಿನ ಧರ್ಮಸಭೆಯು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. ಜಗದ್ಗುರು ಹನ್ನೆರಡನೆಯ ಪಯಸ್‌ರವರು ಈ ಹಬ್ಬವನ್ನು 1955ರಲ್ಲಿ ಸ್ಥಾಪಿಸಿದರು. ಅಂದಿನ ಬಲಿಪೂಜೆಯಲ್ಲಿ ನಾವು ಬಡಗಿಯ ಉಳಿ, ಸುತ್ತಿಗೆಗಳನ್ನು ನೆನೆಯುತ್ತೇವೆ, ದುಡಿಯುವ ಕೈಗಳಿಗಾಗಿ ಪ್ರಾರ್ಥಿಸುತ್ತೇವೆ. ಹಬ್ಬ ಮುಗಿದು ಕೆಲವೇ ವಾರಗಳಲ್ಲಿ ನಮ್ಮ ಮನೆಗಳಲ್ಲಿ ಇನ್ನೊಂದು ಕಾಲ ಆರಂಭವಾಗುತ್ತದೆ. ಫಲಿತಾಂಶಗಳು ಬರುತ್ತವೆ. ಓದು ಮುಗಿಸಿದ ಮಕ್ಕಳು ಕೆಲಸ ಹುಡುಕಲು ಹೊರಡುತ್ತಾರೆ. ಆಗ ಪೂಜೆ ಮುಗಿದ ಮೇಲೆ ತಂದೆತಾಯಂದಿರು ನಮ್ಮನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಮಗ ಓದಿದ್ದು ಒಂದು, ಸಿಕ್ಕಿರುವ ಕೆಲಸ ಇನ್ನೊಂದು. ಹೋಗಲಿ ಅನ್ನೋದೋ, ಬೇಡ ಅನ್ನೋದೋ?"

ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಿಗೆ ಕಾಲ್ ಸೆಂಟರಿನಿಂದ ಕರೆ ಬರುತ್ತದೆ. ಬಿ.ಎಡ್. ಮುಗಿಸಿದವಳಿಗೆ ವಿಮಾ ಕಂಪನಿಯಿಂದ ಕರೆ ಬರುತ್ತದೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಆದವನಿಗೆ ವಿದೇಶದಲ್ಲಿ ಕಂಪ್ಯೂಟರ್ ಕೆಲಸವಿದೆಯೆಂದು ಯಾರೋ ಫೋನ್ ಮಾಡುತ್ತಾರೆ. ಇಂಥ ಕರೆಗೆ ಹೇಗೆ ಉತ್ತರ ಕೊಡಬೇಕು ಎಂಬುದನ್ನು ಈ ಹಬ್ಬದ ನೆಪದಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಎರಡು ಅವಸರದ ಉತ್ತರಗಳು

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಮೊದಲನೆಯದು, "ಬಂದದ್ದನ್ನು ಬಿಡಬೇಡ, ಕೈಗೆ ಬಂದ ತುತ್ತು ಬಾಯಿಗೆ ಬರದಂತಾದೀತು" ಎಂಬುದು. ಇದರ ಹಿಂದೆ ಇರುವುದು ಭಯ. ಎರಡನೆಯದು, "ಇಷ್ಟೊಂದು ಖರ್ಚು ಮಾಡಿ ಓದಿಸಿದ್ದು ಇದಕ್ಕಾ?" ಎಂಬುದು. ಇದರ ಹಿಂದೆ ಇರುವುದು ಹೆಚ್ಚಾಗಿ ಮಾನಾಪಮಾನದ ಲೆಕ್ಕ. ಭಯವಾಗಲಿ ಅಭಿಮಾನವಾಗಲಿ ಒಳ್ಳೆಯ ಸಲಹೆಗಾರರಲ್ಲ. ಎರಡೂ ಉತ್ತರಗಳು ಬಂದಿರುವ ಕೆಲಸವನ್ನು ನೋಡುವುದೇ ಇಲ್ಲ, ಕೆಲಸಕ್ಕೆ ಹೋಗಬೇಕಾದ ಮಗುವನ್ನೂ ನೋಡುವುದಿಲ್ಲ.

ಪವಿತ್ರ ಗ್ರಂಥವೂ ಒಂದೇ ದಾರಿಯನ್ನು ತೋರಿಸುವುದಿಲ್ಲ ಎಂಬುದನ್ನು ಗಮನಿಸಿ. ಸಂತ ಜೋಸೆಫರು ಬಡಗಿಯ ಕಸುಬಿನಲ್ಲಿಯೇ ಬಾಳಿದರು. ಪೇತ್ರ ಮತ್ತು ಅಂದ್ರೆಯರು ತಾವು ಕಲಿತ ಬಲೆಯನ್ನು ದಡದಲ್ಲಿ ಬಿಟ್ಟು ಎಂದೂ ಕಲಿಯದ ಕೆಲಸಕ್ಕೆ ಹೊರಟರು. ಸಂತ ಪೌಲರದು ಮೂರನೆಯ ದಾರಿ. ಹೊಸ ಸೇವೆಗೆ ಹೊರಟ ಮೇಲೂ ಅವರು ಗುಡಾರ ಮಾಡುವ ತಮ್ಮ ಹಳೆಯ ಕಸುಬನ್ನು ಬಿಡಲಿಲ್ಲ. ಕೊರಿಂಥದಲ್ಲಿ ಅದೇ ಕಸುಬಿನ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಗಳ ಜೊತೆ ದುಡಿದು ಉಂಡರು. ಕಲಿತ ಕಸುಬಿನಲ್ಲೇ ಉಳಿಯುವುದು, ಬಿಟ್ಟು ಹೊರಡುವುದು, ಎರಡನ್ನೂ ಜೊತೆಗೆ ಒಯ್ಯುವುದು, ಈ ಮೂರೂ ಸರಿಯಾಗಬಹುದು. ಯಾವುದು ಯಾರಿಗೆ ಸರಿ ಎಂದು ತಿಳಿಯುವುದೇ ವಿವೇಚನೆ.

ನಮ್ಮ ಮಂಗಳೂರಿನಲ್ಲೇ ಒಂದು ಉದಾಹರಣೆಯಿದೆ. ಯೇಸುಸಭೆಯ ಜರ್ಮನ್ ಗುರುಗಳಾದ ಫಾದರ್ ಅಗಸ್ಟಸ್ ಮುಲ್ಲರ್‌ರವರು ಇಲ್ಲಿಗೆ ಬಂದದ್ದು ಅಧ್ಯಾಪಕರಾಗಿ. ತಮ್ಮ ಬಳಿಯಿದ್ದ ಹೋಮಿಯೋಪಥಿ ಔಷಧಿಗಳನ್ನು ಅವರು 1880ರಲ್ಲಿ ಬಡರೋಗಿಗಳಿಗೆ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯ ತೆರೆದರು. ಕಂಕನಾಡಿಯ ಇಂದಿನ ದೊಡ್ಡ ಆಸ್ಪತ್ರೆ ಬೆಳೆದದ್ದು ಆ ಚಿಕ್ಕ ಆರಂಭದಿಂದ. ಅವರು ತಮ್ಮ ನಿಯೋಜಿತ ಕೆಲಸದ ಆಚೆಗೆ ಹೋದದ್ದು ಸಂಬಳಕ್ಕಾಗಿ ಅಲ್ಲ, ಕಣ್ಣೆದುರಿಗಿದ್ದ ಅಗತ್ಯಕ್ಕಾಗಿ. ಅದಕ್ಕೆ ಬೇಕಾದ ತಿಳಿವಳಿಕೆಯನ್ನೂ ಅವರು ಸಂಪಾದಿಸಿಕೊಂಡಿದ್ದರು.

ಒಂದು ಮನೆಯ ಕಥೆ

ಒಮ್ಮೆ ಆಟೋ ಓಡಿಸುವ ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಳು. ಬ್ಯಾಂಕಿನಲ್ಲಿ ಶಿಕ್ಷಣ ಸಾಲವಿತ್ತು. ಊರಿನ ಆಸ್ಪತ್ರೆಯೊಂದು ತಿಂಗಳಿಗೆ 15,000 ರೂಪಾಯಿ ಕೊಡುತ್ತೇವೆಂದಿತ್ತು. ಅಷ್ಟರಲ್ಲಿ ಬೆಂಗಳೂರಿನ ಕಂಪನಿಯೊಂದು ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ವರ್ಷಕ್ಕೆ 3 ಲಕ್ಷ ರೂಪಾಯಿಯ ಪ್ರಸ್ತಾಪ ಕಳಿಸಿತು. ಅಂದರೆ ರೋಗಿಯ ದಾಖಲೆಗಳನ್ನು ಓದಿ, ಕಾಯಿಲೆಗೂ ಚಿಕಿತ್ಸೆಗೂ ನಿಗದಿಯಾದ ಸಂಕೇತಗಳನ್ನು ಹಾಕಿ, ವಿಮಾ ಬಿಲ್ಲಿಗೆ ಸಿದ್ಧಮಾಡುವ ಕೆಲಸ. ಮೂರು ದಿನಗಳಲ್ಲಿ ಉತ್ತರ ಬೇಕಿತ್ತು.

"ಫಾದರ್, ತಿಂಗಳಿಗೆ ಇಪ್ಪತ್ತೈದು ಸಾವಿರ. ಬೇಡ ಅನ್ನೋಕೆ ಆಗುತ್ತಾ?" ಎಂದರು ತಂದೆ.

ಮಗಳು ತಲೆ ತಗ್ಗಿಸಿ ಹೇಳಿದಳು, "ನಾನು ರೋಗಿಗಳ ಹತ್ತಿರ ಇರಬೇಕು ಅಂತ ಓದಿದೆ, ಅಪ್ಪಾ."

ಅಂದು ನಾವು ಅವರೊಂದಿಗೆ ಕುಳಿತು ಕೇಳಿಕೊಂಡ ನಾಲ್ಕು ಪ್ರಶ್ನೆಗಳನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲ ಪ್ರಶ್ನೆ: ಕಲಿತದ್ದರಲ್ಲಿ ಎಷ್ಟು ಜೊತೆಗೆ ಬರುತ್ತದೆ?

"ಓದಿಗೆ ಸಂಬಂಧವಿಲ್ಲದ ಕೆಲಸ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಪದವಿಯ ಹೆಸರನ್ನು ಬಿಟ್ಟು ಅದರೊಳಗೆ ಏನಿದೆಯೆಂದು ಒಡೆದು ನೋಡಬೇಕು. ನರ್ಸಿಂಗ್ ಕಲಿತವಳಿಗೆ ದೇಹದ ರಚನೆ ಗೊತ್ತು, ಕಾಯಿಲೆಗಳ ಹೆಸರು ಗೊತ್ತು, ವೈದ್ಯರ ಟಿಪ್ಪಣಿ ಓದಲು ಬರುತ್ತದೆ. ಕೋಡಿಂಗ್ ಕೆಲಸಕ್ಕೆ ಬೇಕಾದದ್ದೂ ಇವೇ. ಆದ್ದರಿಂದ ಅಲ್ಲಿ ಅವಳ ಓದು ಪೂರ್ತಿ ವ್ಯರ್ಥವಾಗುವುದಿಲ್ಲ. ಆದರೆ ಚುಚ್ಚುಮದ್ದು ಕೊಡುವ ಕೈ, ರೋಗಿಯ ಮುಖ ನೋಡಿ ಅಪಾಯ ಗುರುತಿಸುವ ಕಣ್ಣು, ಸಾಯುವವರ ಪಕ್ಕದಲ್ಲಿ ನಿಲ್ಲುವ ಧೈರ್ಯ, ಇವು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಳಸದ ಕೈಗೆ ತುಕ್ಕು ಹಿಡಿಯುತ್ತದೆ.

ಮನೆಯಲ್ಲಿ ಒಂದು ಹಾಳೆ ತೆಗೆದುಕೊಂಡು ಮಗನೋ ಮಗಳೋ ಕಲಿತದ್ದನ್ನು ಬಿಡಿಬಿಡಿಯಾಗಿ ಬರೆಯಿರಿ. ಹೊಸ ಕೆಲಸದಲ್ಲಿ ಬಳಕೆಯಾಗುವುದಕ್ಕೆ ಒಂದು ಗುರುತು ಹಾಕಿ. ಅರ್ಧಕ್ಕೆ ಗುರುತು ಬಿದ್ದರೆ ಆ ಕೆಲಸ ನೀವಂದುಕೊಂಡಷ್ಟು ದೂರದ್ದಲ್ಲ. ಒಂದಕ್ಕೂ ಬೀಳದಿದ್ದರೆ ಮಗು ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಅದೂ ತಪ್ಪಲ್ಲ, ಆದರೆ ತಿಳಿದು ಹತ್ತಬೇಕು.

ಎರಡನೆಯ ಪ್ರಶ್ನೆ: ಮರಳಿ ಬರಲು ಬಾಗಿಲು ತೆರೆದಿರುತ್ತದೆಯೇ?

ಎಲ್ಲ ವಿದ್ಯೆಗಳೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಲೆಕ್ಕಪತ್ರ ಕಲಿತವನು ಎರಡು ವರ್ಷ ಬೇರೆಡೆ ಇದ್ದು ಮರಳಿ ಬರಬಹುದು. ನರ್ಸಿಂಗ್‌ನಲ್ಲಿ ಅದು ಅಷ್ಟು ಸುಲಭವಲ್ಲ. ವಿದೇಶದ ಆಸ್ಪತ್ರೆಗಳು ಸಾಮಾನ್ಯವಾಗಿ ವಾರ್ಡಿನಲ್ಲಿ ಕೆಲಸ ಮಾಡಿದ ಇತ್ತೀಚಿನ ಅನುಭವ ಕೇಳುತ್ತವೆ. ಬ್ರಿಟನ್ನಿನಲ್ಲಿ ನೋಂದಣಿ ಹೊಂದಿದ ನರ್ಸ್ ಅದನ್ನು 3 ವರ್ಷಗಳಿಗೊಮ್ಮೆ ನವೀಕರಿಸಬೇಕು. ಆಗ ಕನಿಷ್ಠ 450 ಗಂಟೆ ವೃತ್ತಿಯಲ್ಲಿ ದುಡಿದದ್ದನ್ನು ತೋರಿಸಬೇಕು. ಅಭ್ಯಾಸ ತಪ್ಪಿದರೆ ವಿದ್ಯೆ ಕೈಬಿಡುತ್ತದೆ ಎಂಬ ಹಿರಿಯರ ಮಾತನ್ನೇ ಆ ನಿಯಮ ಅಂಕಿಯಲ್ಲಿ ಹೇಳುತ್ತದೆ.

ಆದ್ದರಿಂದ ಬೇರೆ ಕೆಲಸಕ್ಕೆ ಹೋಗುವವರು ಮೊದಲು ತಮ್ಮ ವೃತ್ತಿಯ ನೋಂದಣಿಯನ್ನು ಮಾಡಿಸಿಟ್ಟುಕೊಳ್ಳಬೇಕು. ನರ್ಸ್ ಆದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಇರಲಿ, ಅದು ಅವಧಿ ಮೀರದಂತೆ ನೋಡಿಕೊಳ್ಳಲಿ. ಶಿಕ್ಷಕರಾಗಲು ಬಯಸುವವರು ಅರ್ಹತಾ ಪರೀಕ್ಷೆ ಬರೆದಿಟ್ಟುಕೊಳ್ಳಲಿ. ಐಟಿಐ, ಡಿಪ್ಲೊಮಾ ಮಾಡಿದವರು ಬೇರೆ ದಾರಿ ಹಿಡಿಯುವ ಮೊದಲು 1961ರ ಅಪ್ರೆಂಟಿಸ್ ಕಾಯ್ದೆಯಡಿ ತಮ್ಮದೇ ಕಸುಬಿನಲ್ಲಿ ತರಬೇತಿಗೆ ಅವಕಾಶವಿದೆಯೇ ಎಂದು ವಿಚಾರಿಸಲಿ. ಅಲ್ಲಿ ಸಿಗುವ ಭತ್ಯೆ ಕಡಿಮೆಯಾದರೂ ಕಸುಬು ಕೈಯಲ್ಲಿ ಉಳಿಯುತ್ತದೆ.

ಮೂರನೆಯ ಪ್ರಶ್ನೆ: ಕೈಗೆ ಬರುವುದೆಷ್ಟು, ಮನೆಗೆ ಉಳಿಯುವುದೆಷ್ಟು?

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಸಾಮತಿಯ ಮೂಲಕ ಕಲಿಸಿದರು. ನಾವೂ ಕುಳಿತು ಲೆಕ್ಕ ಹಾಕಿದೆವು.

ವರ್ಷಕ್ಕೆ 3 ಲಕ್ಷವೆಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆಂದು ತಂದೆ ತಿಳಿದಿದ್ದರು. ಆ ಮೊತ್ತ ಕಂಪನಿಗೆ ತಗಲುವ ಒಟ್ಟು ವೆಚ್ಚ. ಮೂಲ ವೇತನ 12,500 ಎಂದುಕೊಂಡರೆ ಕಂಪನಿ ಕಟ್ಟುವ ಭವಿಷ್ಯ ನಿಧಿ ಶೇಕಡ 12ರಂತೆ 1,500. ಗ್ರಾಚ್ಯುಟಿಗೆಂದು ತೆಗೆದಿಡುವುದು ಸುಮಾರು 600. ಉದ್ಯೋಗಿಯ ಪಾಲಿನ ಭವಿಷ್ಯ ನಿಧಿ ಮತ್ತೆ 1,500. ಇವೆಲ್ಲ ಕಳೆದು ಕೈಗೆ ಬರುವುದು ಸುಮಾರು 21,400. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿ ವಾಸ, ಊಟಕ್ಕೆ 8,000, ಓಡಾಟಕ್ಕೆ 2,000, ಇತರ ಖರ್ಚಿಗೆ 2,000, ಸಾಲದ ಕಂತು 6,000 ಎಂದುಕೊಂಡರೆ ಉಳಿಯುವುದು 3,400.

ಊರಿನ ಆಸ್ಪತ್ರೆಯ 15,000ದಲ್ಲಿ ಕೈಗೆ 13,500 ಬಂದೀತು. ಮನೆಯಲ್ಲೇ ವಾಸ, ಮನೆಯಲ್ಲೇ ಊಟ. ಬಸ್ಸಿಗೆ 1,500, ಇತರ ಖರ್ಚಿಗೆ 1,500, ಅದೇ 6,000 ಕಂತು. ಉಳಿಯುವುದು 4,500. ತಂದೆ ಆ ಹಾಳೆಯನ್ನು ಎರಡು ಸಲ ಓದಿದರು.

ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಎರಡು ವರ್ಷ, ಐದು ವರ್ಷ ಕಳೆದ ಮೇಲೆ ಎಲ್ಲಿ ಎಷ್ಟು ಸಂಬಳ ಬರುತ್ತದೆ ಎಂದು ಅದೇ ಕೆಲಸದಲ್ಲಿರುವವರನ್ನು ಕೇಳಬೇಕು. ಸಾಲದ ನಿಯಮವನ್ನೂ ನೋಡಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಸೇರುತ್ತಲೇ ಇರುತ್ತದೆ. ಆ ಒಂದು ವರ್ಷ ಅವಸರದ ನಿರ್ಧಾರದಿಂದ ನಮ್ಮನ್ನು ಕಾಪಾಡುತ್ತದೆ. ಅದನ್ನು ಸುಮ್ಮನೆ ಕಳೆಯುವಂತಿಲ್ಲ.

ಕೆಲವು ಕೆಲಸಗಳಿಗೆ ಸಂಬಳವೇ ಇರುವುದಿಲ್ಲ, ಕಮಿಷನ್ ಮಾತ್ರ ಎಂಬುದನ್ನೂ ತಿಳಿದಿರಿ. ವಿಮೆಯ ಏಜೆಂಟರ ಕೆಲಸ ಗೌರವದ ಕೆಲಸವೇ. ಆದರೆ "ಉದ್ಯೋಗ" ಎಂದು ಕರೆದು ಏಜೆನ್ಸಿ ಕೊಟ್ಟರೆ ಅದು ಬೇರೆ ಮಾತು. ತಿಂಗಳ ಕೊನೆಗೆ ನಿಶ್ಚಿತವಾಗಿ ಬರುವುದೆಷ್ಟು ಎಂದು ನೇರವಾಗಿ ಕೇಳಿ.

ನಾಲ್ಕನೆಯ ಪ್ರಶ್ನೆ: ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇವೆ?

ಬಾಯಿಮಾತಿನ ಕೆಲಸಕ್ಕೆ ಊರು ಬಿಡಬೇಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕೊಡುವುದನ್ನು ಉದ್ಯೋಗದಾತರ ಕರ್ತವ್ಯವಾಗಿ ಮಾಡಿವೆ. ಪತ್ರದಲ್ಲಿ ಕೆಲಸದ ಹೆಸರು, ಸ್ಥಳ, ವೇಳೆ, ಸಂಬಳದ ವಿವರ, ಪ್ರೊಬೇಷನ್ ಅವಧಿ, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಓದಿ. ರಾತ್ರಿ ಪಾಳಿ ಇದೆಯೇ, ಭಾನುವಾರ ರಜೆ ಇದೆಯೇ ಎಂದು ಕೇಳಿ.

ಕಲಿಯದ ಕೆಲಸಕ್ಕೆ ಸೇರಿಸಿಕೊಳ್ಳುವವರು ತರಬೇತಿ ಕೊಡುತ್ತಾರೆ, ಅದಕ್ಕಾಗಿ ಬಾಂಡ್ ಕೇಳುತ್ತಾರೆ. "ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆಯಿಲ್ಲ" ಎಂದು ಸ್ನೇಹಿತರು ಹೇಳಬಹುದು. ಅದನ್ನು ನಂಬಬೇಡಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಒಂದು ಮೊಕದ್ದಮೆ ಇದನ್ನು ತೋರಿಸುತ್ತದೆ. ಮೂರು ವರ್ಷಗಳಿಗೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತು ಅಲ್ಲಿತ್ತು. ಅವಧಿಗೆ ಮೊದಲೇ ಬಿಟ್ಟ ಅಧಿಕಾರಿಯೊಬ್ಬರು ಹಣ ಕಟ್ಟಿ, ಷರತ್ತನ್ನು ಪ್ರಶ್ನಿಸಿದರು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಎಲ್ಲ ಬಾಂಡ್‌ಗಳೂ ನ್ಯಾಯಯುತವೆಂದು ಇದರ ಅರ್ಥವಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಪರಿಹಾರ ಸಮಂಜಸವಾಗಿರಬೇಕು. ಆದರೆ ಸಹಿ ಹಾಕುವ ಮೊದಲು, ಅಷ್ಟು ವರ್ಷ ಅಲ್ಲಿರಲು ಮನಸ್ಸಿದೆಯೇ ಎಂದು ಕೇಳಿಕೊಳ್ಳುವುದು ನಮ್ಮ ಜವಾಬ್ದಾರಿ. ಅಂಕಪಟ್ಟಿ, ಪದವಿಪತ್ರಗಳ ಮೂಲಪ್ರತಿಗಳನ್ನು ಮಾತ್ರ ಯಾರ ಬಳಿಯೂ ಬಿಟ್ಟು ಬರಬೇಡಿ. ತೋರಿಸಿ ಮರಳಿ ಪಡೆಯಿರಿ.

ವಿದೇಶದ ಕರೆ ಬಂದಾಗ ಇನ್ನೂ ಎಚ್ಚರ ಬೇಕು. ಕಲಿತ ಕಸುಬಿಗೆ ಸಂಬಂಧವಿಲ್ಲದ ಕೆಲಸ, ಕೇಳಿರದಷ್ಟು ಸಂಬಳ, ಪ್ರವಾಸಿ ವೀಸಾ, ಈ ಮೂರೂ ಒಟ್ಟಿಗೆ ಬಂದರೆ ಬೇಡವೆನ್ನಿ. ಡಾಟಾ ಎಂಟ್ರಿ ಕೆಲಸವೆಂದು ನಂಬಿ ಥಾಯ್ಲೆಂಡಿಗೆ ಹೋದ ನಮ್ಮ ದೇಶದ ಯುವಕರನ್ನು ಮ್ಯಾನ್ಮಾರ್ ಗಡಿಯೊಳಗೆ ಸಾಗಿಸಿ, ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಇಂಥ 500ಕ್ಕೂ ಹೆಚ್ಚು ಮಂದಿಯನ್ನು ಮರಳಿ ಕರೆತಂದಿತು. ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಪಡೆದಿರಬೇಕು. ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರಿದೆಯೇ ಎಂದು ನೋಡಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಎಂಬ ಮಿತಿ ಇದೆ. ರಸೀತಿಯಿಲ್ಲದೆ ಲಕ್ಷಗಟ್ಟಲೆ ಕೇಳುವವರಿಗಾಗಿ ಮನೆಯ ಒಡವೆ ಅಡವಿಡಬೇಡಿ.

ಸಂತ ಇಗ್ನೇಷಿಯಸ್‌ರವರು ತೋರಿದ ದಾರಿ

ಲೆಕ್ಕವೆಲ್ಲ ಆದ ಮೇಲೂ ಮನಸ್ಸು ತೂಗಾಡುವುದುಂಟು. ಆಗ ಲೊಯೋಲದ ಸಂತ ಇಗ್ನೇಷಿಯಸ್‌ರವರು ನೆರವಾಗುತ್ತಾರೆ. ಅವರು ಕಲಿತದ್ದು ಯುದ್ಧವಿದ್ಯೆ. 1521ರಲ್ಲಿ ಪಾಂಪ್ಲೋನಾದಲ್ಲಿ ಗುಂಡು ತಗುಲಿ ಕಾಲು ಮುರಿಯಿತು. ಜೆರುಸಲೇಮಿನಲ್ಲಿ ಉಳಿದುಬಿಡಬೇಕೆಂದು ಹೋದರು, ಅಲ್ಲಿಯೂ ಇರಗೊಡಲಿಲ್ಲ. 1524ರಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ, ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಲ್ಯಾಟಿನ್ ಕಲಿಯಲು ಕುಳಿತರು. ಕಲಿತದ್ದನ್ನು ಬಿಡುವ ಕಷ್ಟ, ಹೊಸದನ್ನು ಕಲಿಯುವ ನಾಚಿಕೆ, ಎರಡೂ ಅವರಿಗೆ ಗೊತ್ತಿತ್ತು.

1548ರಲ್ಲಿ ಧರ್ಮಸಭೆಯ ಮನ್ನಣೆ ಪಡೆದ ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ನಿರ್ಧಾರ ಕೈಗೊಳ್ಳುವ ಕ್ರಮವಿದೆ. ಅದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಮೊದಲು, ಯಾವ ಕಡೆಗೂ ವಾಲದೆ ತಕ್ಕಡಿಯ ಮುಳ್ಳಿನಂತೆ ನಿಲ್ಲಲು ಪ್ರಯತ್ನಿಸಬೇಕು. ಅನಂತರ ಒಪ್ಪಿದರೆ ಆಗುವ ಒಳಿತು, ಕೆಡುಕು, ಒಪ್ಪದಿದ್ದರೆ ಆಗುವ ಒಳಿತು, ಕೆಡುಕು ಎಂದು ನಾಲ್ಕನ್ನೂ ತೂಗಬೇಕು. ಅನೇಕರು ಒಪ್ಪಿದರೆ ಸಿಗುವ ಲಾಭವನ್ನೂ ಒಪ್ಪದಿದ್ದರೆ ಆಗುವ ನಷ್ಟವನ್ನೂ ಮಾತ್ರ ನೋಡಿ ಏಳುತ್ತಾರೆ. ಮೂರನೆಯದಾಗಿ, ಗುರುತೇ ಇಲ್ಲದ ಒಬ್ಬ ವ್ಯಕ್ತಿ ಇದೇ ಪ್ರಶ್ನೆಯೊಂದಿಗೆ ಬಂದರೆ ನಾನು ಏನು ಹೇಳುತ್ತಿದ್ದೆ ಎಂದು ಯೋಚಿಸಬೇಕು. ಕೊನೆಗೆ, ಮರಣಶಯ್ಯೆಯಲ್ಲಿ ಮಲಗಿ ಹಿಂದಿರುಗಿ ನೋಡುವಾಗ ಯಾವ ನಿರ್ಧಾರ ಮಾಡಿದ್ದರೆ ಚೆನ್ನಾಗಿತ್ತು ಎನಿಸುತ್ತದೆ ಎಂದು ಕೇಳಿಕೊಳ್ಳಬೇಕು. ಅವರ ಇನ್ನೊಂದು ಬುದ್ಧಿಮಾತೂ ಇದೆ. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಾಯಿಸಬಾರದು. ಸಂದರ್ಶನದಲ್ಲಿ ಸೋತು ಬಂದ ರಾತ್ರಿ ಸಿಕ್ಕ ಕೆಲಸಕ್ಕೆ ಹೂಂ ಎನ್ನಬೇಡಿ. ಎರಡು ದಿನ ಕಳೆಯಲಿ.

ಉತ್ತರ ಕೊಡುವ ರೀತಿ

ಪ್ರಸ್ತಾಪಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರಗಳಿಲ್ಲ. ಸಮಯ ಕೇಳಬಹುದು. "ನಿಮ್ಮ ಪ್ರಸ್ತಾಪಕ್ಕೆ ಕೃತಜ್ಞತೆಗಳು. ಮನೆಯವರೊಂದಿಗೆ ಮಾತನಾಡಿ ಇಂಥ ದಿನ ಖಚಿತ ಉತ್ತರ ತಿಳಿಸುತ್ತೇನೆ" ಎಂದು ಬರೆದರೆ ಒಳ್ಳೆಯ ಸಂಸ್ಥೆ ಬೇಸರಪಡುವುದಿಲ್ಲ. ಒಂದು ವಾರವನ್ನೂ ಕೊಡದೆ, ಈಗಲೇ ಹಣ ಕಟ್ಟು ಎನ್ನುವವರನ್ನು ಸಂಶಯದಿಂದ ನೋಡಿ. ಒಪ್ಪುವುದಾದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ, ಎಷ್ಟು ದಿನ ತರಬೇತಿ ಕೊಡುತ್ತೀರಿ ಎಂದು ಕೇಳಿ. ಸುಳ್ಳು ಅನುಭವ ಬರೆದು ಸೇರಿದ ಕೆಲಸದಲ್ಲಿ ನೆಮ್ಮದಿಯಿರುವುದಿಲ್ಲ. ನಿರಾಕರಿಸುವುದಾದರೆ ಬೇಗ ತಿಳಿಸಿ. ಆ ಸ್ಥಾನಕ್ಕಾಗಿ ಇನ್ನೊಂದು ಮನೆಯ ಮಗು ಕಾಯುತ್ತಿರುತ್ತದೆ.

ತಂದೆತಾಯಂದಿರಲ್ಲಿ ಒಂದು ಬಿನ್ನಹ. ಲೆಕ್ಕ ಹಾಕಲು ಮಕ್ಕಳಿಗೆ ನೆರವಾಗಿ, ಮನೆಯ ಸಾಲವೆಷ್ಟಿದೆ ಎಂದು ಮುಚ್ಚಿಡದೆ ಹೇಳಿ. ಆದರೆ ಪಕ್ಕದ ಮನೆಯ ಹುಡುಗನ ಸಂಬಳವನ್ನು ತಂದು ನಡುವೆ ಇಡಬೇಡಿ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಮಾನವ ದುಡಿಮೆಯ ಕುರಿತು 1981ರಲ್ಲಿ ಹೊರಡಿಸಿದ ವಿಶ್ವಪತ್ರದಲ್ಲಿ, ಕೆಲಸವಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲ ಎಂಬ ಬೋಧನೆಯನ್ನು ಎತ್ತಿ ಹಿಡಿದರು. ಪದವಿಯೂ ಹಾಗೆಯೇ. ಅದು ಮಗುವಿಗಾಗಿ ಇದೆ, ಮಗು ಅದಕ್ಕಾಗಿ ಇಲ್ಲ.

ಆ ಮಗಳು ಏನು ಮಾಡಿದಳು?

ಅವಳು ಕಂಪನಿಯಿಂದ ಒಂದು ವಾರ ಸಮಯ ಕೇಳಿ ಪಡೆದಳು. ಕೊನೆಗೆ ಊರಿನ ಆಸ್ಪತ್ರೆಯನ್ನೇ ಆರಿಸಿಕೊಂಡಳು. ಎರಡು ವರ್ಷ ವಾರ್ಡಿನ ಅನುಭವ ಪಡೆದು ಮುಂದಿನದನ್ನು ನೋಡುತ್ತೇನೆ ಎಂದಳು. ತಂದೆಗೆ ಪೂರ್ತಿ ಸಮಾಧಾನವಾಗಿರಲಿಲ್ಲ. ಆದರೂ ಮೊದಲ ದಿನ ಅವರೇ ಆಟೋದಲ್ಲಿ ಮಗಳನ್ನು ಆಸ್ಪತ್ರೆಗೆ ಬಿಟ್ಟು ಬಂದರು.

ಅವಳ ತರಗತಿಯ ಗೆಳತಿಯೊಬ್ಬಳಿಗೂ ಅದೇ ಕಂಪನಿಯಿಂದ ಕರೆ ಬಂದಿತ್ತು. ಅವಳ ತಾಯಿಗೆ ಕಾಯಿಲೆ, ಅಣ್ಣನ ಮನೆ ಬೆಂಗಳೂರಿನಲ್ಲೇ ಇತ್ತು. ರಾತ್ರಿ ಪಾಳಿಯಿಲ್ಲದ ಕೆಲಸ ಅವಳಿಗೆ ಬೇಕಿತ್ತು. ಅವಳು ಕೌನ್ಸಿಲ್‌ನ ನೋಂದಣಿ ಮಾಡಿಸಿಟ್ಟು ಕೋಡಿಂಗ್ ಕೆಲಸಕ್ಕೆ ಸೇರಿದಳು, ಸಂಜೆ ತಾಯಿಯ ಆರೈಕೆ ಮಾಡಿದಳು. ಕಲಿತ ವಿದ್ಯೆ ಅಲ್ಲಿಯೂ ಒಬ್ಬ ರೋಗಿಯ ಪಕ್ಕದಲ್ಲೇ ಇತ್ತು. ಅದೇ ಪ್ರಶ್ನೆಗಳನ್ನು ಕೇಳಿಕೊಂಡು ಇಬ್ಬರೂ ಬೇರೆ ಬೇರೆ ಉತ್ತರಕ್ಕೆ ಬಂದರು. ಇಬ್ಬರೂ ಸರಿಯಾಗಿಯೇ ಬಂದರು ಎಂಬುದು ನಮ್ಮ ನಂಬಿಕೆ.

ಈ ವರ್ಷ ಕೆಲಸ ಹುಡುಕಲು ಹೊರಟಿರುವ ನಮ್ಮ ಎಲ್ಲ ಮಕ್ಕಳ ಕೈಗಳನ್ನು ಕಾರ್ಮಿಕ ಸಂತ ಜೋಸೆಫರ ಆಶ್ರಯಕ್ಕೆ ಒಪ್ಪಿಸೋಣ. ತಿಳಿದು ಹೌದೆನ್ನುವ ವಿವೇಕವನ್ನೂ, ಹೆದರದೆ ಬೇಡವೆನ್ನುವ ಧೈರ್ಯವನ್ನೂ ಪವಿತ್ರಾತ್ಮರು ಅವರಿಗೆ ದಯಪಾಲಿಸಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.